ಬೆಡ್ ನಂಬರ್ ಸಮೇತ ಪ್ರಾರ್ಥನೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಾಚಿಕೆ ಮಾತ್ರ ನಿಧಾನಕ್ಕೆ ಬರುತ್ತದೆ ಎಂದು ನನ್ನ ಮಗಳು ಹೇಳುತ್ತಾಳೆ. ಸುಳ್ಳೇನಲ್ಲ. ಗದಗಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದವಳು ನಾನು. ಮೆತ್ತಗೆ ಮಾತಾಡಿದ್ದರೆ ಒಂದು ದಿನವೂ ಅಲ್ಲಿ ಕೆಲಸ ಸಾಗುತ್ತಿರಲಿಲ್ಲ. ಆದರೆ ಇಲ್ಲಿ, ಗುಡ್ಡಗಳ ನಡುವಿನ ಒಂದು ಪುಟ್ಟ ಚರ್ಚಿನಲ್ಲಿ ನಾನೊಂದು ತಪ್ಪು ಮಾಡಿದೆ. ಆವತ್ತು ಬಂದ ನಾಚಿಕೆ ಮಾತ್ರ ಒಂದು ನಿಮಿಷವೂ ತಡ ಮಾಡಲಿಲ್ಲ.

ಅಮೆರಿಕದ ಸ್ಯಾನ್ ರಮೋನಿಗೆ ಮಗಳ ಮನೆಗೆ ಬಂದ ಹೊಸದರಲ್ಲಿ ಭಾನುವಾರ ಬಂತೆಂದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಅಳಿಯ ಮಂಡ್ಯದ ಕಡೆಯವರು, ಹಿಂದೂಗಳು, ಬಹಳ ತಾಳ್ಮೆಯ ಮನುಷ್ಯ. ಪಾಪ, ನನ್ನನ್ನು ದೊಡ್ಡ ದೊಡ್ಡ ಚರ್ಚುಗಳಿಗೆಲ್ಲ ಕರೆದುಕೊಂಡು ಹೋದರು. ಒಂದರಲ್ಲಿ ಡ್ರಮ್ಮು ಬಾರಿಸಿದರು, ಇನ್ನೊಂದರಲ್ಲಿ ಹೊಗೆ ಬಿಡುವ ಮಷೀನು ಇತ್ತು. ಎರಡರಿಂದಲೂ ತಲೆನೋವು ಹಿಡಿಸಿಕೊಂಡು ಮನೆಗೆ ಬಂದೆ. ಆಮೇಲೊಂದು ಶನಿವಾರ ಹಳ್ಳಿಯ ಕಡೆ ತೋಟಕ್ಕೆ ಚೆರ್ರಿ ಕೀಳಲು ಹೋದಾಗ ದಾರಿ ಬದಿಯಲ್ಲಿ ಬಿಳಿ ಬಣ್ಣ ಬಳಿದ ಮರದ ಚರ್ಚೊಂದು ಕಂಡಿತು. ಅದರ ಹಿಂದೆ ಒಣಹುಲ್ಲಿನ ಗುಡ್ಡ, ಗುಡ್ಡದ ಮೇಲೆ ದನಗಳು. ಬೋರ್ಡಿನ ಮೇಲೆ ಆಂಗ್ಲಿಕನ್ ಎಂದು ಬರೆದಿತ್ತು, ನಮ್ಮೂರ ಸಭೆಗೂ ನೆಂಟಸ್ತಿಕೆ ಇರುವ ಪಂಥ. ಮರುದಿನವೇ ಹೋಗಿ ಕೂತೆ. ಪ್ರಾರ್ಥನೆಯ ಕ್ರಮ ನಮ್ಮದೇ! ಎಲ್ಲಿ ಎದ್ದು ನಿಲ್ಲಬೇಕು, ಎಲ್ಲಿ ಮಂಡಿಯೂರಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲವೂ ಬಾಲ್ಯದಿಂದ ಬಂದದ್ದೇ. ಪಾದ್ರಿ ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಒಂದುಸಿರೂ ಹಿಂದೆಮುಂದೆ ಆಗಲಿಲ್ಲ. ಕಣ್ಣೀರು ತಡೆಯಲಾಗಲಿಲ್ಲ ನನಗೆ.

ಆ ಚರ್ಚಿನ ಸಭೆಯಲ್ಲಿ ಇದ್ದವರೇ ಇಪ್ಪತ್ತು ಚಿಲ್ಲರೆ ಜನ. ದನ ಸಾಕುವವರು, ದ್ರಾಕ್ಷಿ ಬೆಳೆಯುವ ಗಂಡಹೆಂಡತಿ, ಹಿಂದೆ ಆ ಊರಿಗೆಲ್ಲ ಟಪಾಲು ಹಂಚಿದ ಒಬ್ಬ ಹಿರಿಯರು. ಪಾದ್ರಿ ಒಬ್ಬ ಹೆಣ್ಣುಮಗಳು, ಬೇರೆ ಊರಿನಿಂದ ವಾರ ಬಿಟ್ಟು ವಾರ ಬರುತ್ತಿದ್ದರು. ಚರ್ಚನ್ನು ನಿಜವಾಗಿ ನಡೆಸುತ್ತಿದ್ದವರು ಮಾತ್ರ ವಾರ್ಡನ್, ಅಂದರೆ ಸಭೆಯವರೊಳಗಿಂದಲೇ ಆರಿಸಿದ ಮೇಲ್ವಿಚಾರಕಿ. ನಾನು ಮನಸ್ಸಿನಲ್ಲೇ ಅವರಿಗೆ ವಾರ್ಡನಮ್ಮ ಎಂದು ಹೆಸರಿಟ್ಟುಕೊಂಡಿದ್ದೆ. ಎಂಬತ್ತರ ಹತ್ತಿರದ ಎತ್ತರದ ಹೆಂಗಸು, ಕಾಲಲ್ಲಿ ಗಂಡಸರ ಬೂಟು. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಕಸ ಗುಡಿಸುವುದು, ಹೂ ಜೋಡಿಸುವುದು, ಪ್ರಸಂಗ ಉದ್ದವಾದರೆ ಪಾದ್ರಿಗೆ ಕಾಣುವ ಹಾಗೆ ಗಡಿಯಾರ ನೋಡುವುದು, ಎಲ್ಲವೂ ಆಕೆಯದೇ ಕೆಲಸ. ನಮ್ಮ ಆಸ್ಪತ್ರೆಯ ಮೇಟ್ರನ್ ಇದ್ದ ಹಾಗೇ ಇದ್ದರು. ಮೊದಲ ದಿನವೇ ನನಗೆ ಹಿಡಿಸಿಬಿಟ್ಟರು.

ಆ ವರ್ಷ ಬಿಷಪ್ಪರ ಕಚೇರಿಯಿಂದ ಒಂದು ಕಾಗದ ಬಂತು. ಜನ ಕಡಿಮೆಯಾಗಿದ್ದಾರೆ, ಈ ಸಭೆಯನ್ನು ಪಟ್ಟಣದ ಚರ್ಚಿಗೆ ಸೇರಿಸಬೇಕೋ ಬೇಡವೋ ಎಂದು, ಬೆಳೆ ಕೈಗೆ ಬಂದಾಗ ಚರ್ಚಿನಲ್ಲಿ ಮಾಡುವ ಸುಗ್ಗಿ ಹಬ್ಬದ ಭಾನುವಾರ ಬಿಷಪ್ಪರು ಖುದ್ದಾಗಿ ಬಂದು ತೀರ್ಮಾನಿಸುತ್ತಾರೆ ಎಂದಿತ್ತು ಅದರಲ್ಲಿ. ಮುಂದಿನ ವರ್ಷಕ್ಕೆ ವಾರ್ಡನ್ ಯಾರೆಂದು ಆ ಹೊತ್ತಿಗೆ ಹೆಸರು ಕೊಡಬೇಕು, ಹೆಸರಿಲ್ಲದಿದ್ದರೆ ಬಾಗಿಲು ಹಾಕಿದಂತೆಯೇ. ಅದಕ್ಕೆ ಯಾರೂ ಹೆದರಲಿಲ್ಲ. ವಾರ್ಡನಮ್ಮ ಇರುವಾಗ ಹೆಸರಿಗೇನು ಬರ ಎಂದುಕೊಂಡೆವು.

ಸಭೆಯ ಸುದ್ದಿಹಾಳೆ ಬರೆಯುವ ಕೆಲಸ ನನ್ನ ಕೈಗೆ ಬಂದದ್ದು ಅದೇ ದಿನಗಳಲ್ಲಿ. ಅಲ್ಲಿಯವರೆಗೆ ಅದರಲ್ಲಿ ಇರುತ್ತಿದ್ದದ್ದು ಎರಡೇ ಸಂಗತಿ: ಈ ವಾರದ ಬೈಬಲ್ ಪಾಠ ಯಾವುದು, ಮುಂದಿನ ವಾರ ಹೂ ತರುವವರು ಯಾರು. ಅಯ್ಯೋ, ಇದೂ ಒಂದು ಸುದ್ದಿಯೇ! ನಮ್ಮೂರ ಸಭೆಯಲ್ಲಿ ಪ್ರಸಂಗಕ್ಕಿಂತ ಪ್ರಕಟಣೆಯೇ ಉದ್ದ. ಯಾರ ಮಗ ಪಾಸಾದ, ಯಾರ ಎಮ್ಮೆ ಈಯಿತು, ಯಾರ ಮನೆಯಲ್ಲಿ ಕೃತಜ್ಞತಾ ಕೂಟ, ಎಲ್ಲವನ್ನೂ ಸಭಾಪಾಲಕರು ಓದುತ್ತಾರೆ. ಕಾಯಿಲೆ ಬಿದ್ದವರ ಸುದ್ದಿಯನ್ನಂತೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ಇಂಥವರಿಗೆ ಹರ್ನಿಯಾ ಆಪರೇಷನ್ ಆಗಿದೆ, ಗಂಡಸರ ವಾರ್ಡು, ಕಿಟಕಿ ಕಡೆಯ ಹನ್ನೊಂದನೇ ಬೆಡ್ಡು. ಆರಾಧನೆ ಮುಗಿದ ಮೇಲೆ ಅರ್ಧ ಸಭೆ ಸಾರಿನ ಡಬ್ಬಿ ಹಿಡಿದುಕೊಂಡು ಹನ್ನೊಂದನೇ ಬೆಡ್ಡಿನ ಮುಂದೆ ನಿಂತಿರುತ್ತಿತ್ತು. ನರ್ಸಾಗಿ ನಾನೇ ಅವರನ್ನು ಬೈದು ಹೊರಗೆ ಕಳಿಸಿದ್ದೇನೆ. ಭಾನುವಾರ ನಾನೂ ಅದೇ ಡಬ್ಬಿ ಹಿಡಿದು ಹೋಗಿದ್ದೇನೆ.

ಹಾಗಾಗಿ ನಾನು ಚರ್ಚಿನ ಬಾಗಿಲಲ್ಲೇ ನಿಂತು ಸುದ್ದಿ ಕೇಳಲು ಶುರು ಮಾಡಿದೆ. ಮೊದಮೊದಲು ಅವರಿಗೆ ಮುಜುಗರವಾಯಿತು. ಆಮೇಲೆ ತಾವಾಗಿಯೇ ಬಂದು ಹೇಳತೊಡಗಿದರು. ಮೇಕೆ ಮೂರು ಮರಿ ಹಾಕಿತು, ಬೇಲಿ ಮುರಿದು ಹಂದಿ ನುಗ್ಗಿತು, ಮೊಮ್ಮಗಳಿಗೆ ಮೂರನೇ ಸಲಕ್ಕೆ ಡ್ರೈವಿಂಗ್ ಲೈಸೆನ್ಸು ಸಿಕ್ಕಿತು. ಅಳಿಯ ನನ್ನ ಇಂಗ್ಲಿಷು ತಿದ್ದಿ ಪ್ರಿಂಟು ತೆಗೆದುಕೊಡುತ್ತಿದ್ದರು. ಒಂದು ಹಾಳೆ ಎರಡಾಯಿತು. ಚರ್ಚಿಗೆ ಬರುವುದನ್ನು ಬಿಟ್ಟಿದ್ದವರು ತಮ್ಮ ಸುದ್ದಿ ಬಂದಿದೆಯೇ ಎಂದು ನೋಡಲಾದರೂ ಬಂದರು. ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ವಾರ್ಡನಮ್ಮನ ಗಂಡನನ್ನು ಮಾತ್ರ ನಾನು ನೋಡಿರಲೇ ಇಲ್ಲ. ಕೇಳಿದರೆ, "ದನದ ಕೆಲಸ, ಪುರಸೊತ್ತಿಲ್ಲ" ಎನ್ನುತ್ತಿದ್ದರು. ಒಂದು ದಿನ ಕೋಳಿ ಸಾರು ಮಾಡಿಕೊಂಡು, ಫೋನು ಗೀನು ಏನೂ ಮಾಡದೆ, ನಮ್ಮ ಕಡೆ ಹೋಗುವ ಹಾಗೆ ಸೀದಾ ಅವರ ಮನೆಗೆ ಹೋದೆ. ಹಸಿರು ಗೇಟು, ಹಿಂದಿನ ಬಾಗಿಲು ತೆರೆದಿತ್ತು. ಅಂಥ ಉರಿ ಸೆಕೆಯಲ್ಲೂ ಎರಡು ಸ್ವೆಟರು ಹಾಕಿಕೊಂಡ ಮುದುಕರೊಬ್ಬರು ಅಡುಗೆಮನೆಯಲ್ಲಿ ಕೂತಿದ್ದರು. ಎದ್ದು ನನ್ನ ಕೈ ಕುಲುಕಿದರು. ಐದು ನಿಮಿಷಕ್ಕೆ ಮತ್ತೆ ಕುಲುಕಿದರು. ಮತ್ತೊಂದು ಸಲ ಕುಲುಕಿದಾಗ ಹೆಂಡತಿಯನ್ನು ತೋರಿಸಿ, "ಈ ಹೆಂಗಸು ಒಳ್ಳೆಯವಳು, ಯಾರ ಮನೆಯವಳೋ ಗೊತ್ತಿಲ್ಲ" ಎಂದರು. ನನಗೆ ಎಲ್ಲವೂ ಅರ್ಥವಾಯಿತು. ವಾರ್ಡನಮ್ಮನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಇದು ಯಾವಾಗಿನಿಂದ?" ಎಂದು ಕೇಳಿದೆ.

"ಈಸ್ಟರ್‌ನಿಂದ" ಎಂದರು. "ಮಲಗುವುದಿಲ್ಲ, ಓಡಾಡುತ್ತಾರೆ. ನಾನು ಹಿಂದೆ ಹಿಂದೆ ಓಡಾಡುತ್ತೇನೆ."

ಅಷ್ಟೇ ಮಾತು. ಯಾರಿಗೂ ಹೇಳಬೇಡ ಎಂದು ಅವರು ಹೇಳಲಿಲ್ಲ. ಹೇಳಲೇ ಎಂದು ನಾನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ ನನಗೆ. ಮನೆಗೆ ಬಂದವಳೇ ಪ್ರಾರ್ಥನೆಯ ಪಟ್ಟಿಯಲ್ಲಿ ಹೀಗೆ ಬರೆದೆ: 'ನಮ್ಮ ವಾರ್ಡನ್ ಅವರ ಪತಿಗಾಗಿ ಪ್ರಾರ್ಥಿಸಿರಿ. ಅವರಿಗೆ ನೆನಪು ಹೋಗಿದೆ, ಹೆಂಡತಿಯ ಗುರುತೂ ಸಿಗುವುದಿಲ್ಲ. ಈಸ್ಟರ್‌ನಿಂದ ಆಕೆಗೆ ನಿದ್ದೆಯಿಲ್ಲ. ಹಸಿರು ಗೇಟಿನ ಮನೆ, ಹಿಂದಿನ ಬಾಗಿಲು. ಹೋದವರು ಎರಡು ಗಂಟೆ ಕೂತು ಬನ್ನಿರಿ.' ಬೆಡ್ ನಂಬರ್ ಸಮೇತ ಬರೆದಂತಾಯಿತು. ಆ ವಾರ ಅಳಿಯನಿಗೆ ಆಫೀಸಿನಲ್ಲಿ ಉಸಿರಾಡಲೂ ಬಿಡುವಿರಲಿಲ್ಲ. ಓದದೆಯೇ ಪ್ರಿಂಟು ತೆಗೆದುಕೊಟ್ಟರು.

ಭಾನುವಾರ ಕೀರ್ತನೆ ಓದುವಾಗ ವಾರ್ಡನಮ್ಮ ಹಾಳೆ ತಿರುಗಿಸಿದ್ದನ್ನು ಕಂಡೆ. ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಕೀರ್ತನೆಯ ನಡುವೆಯೇ ಎದ್ದು ನನ್ನ ಬೆಂಚಿನ ಹತ್ತಿರ ಬಂದರು.

"ನನ್ನ ಮನೆಯ ಬಾಗಿಲು ಕಿತ್ತು ರಸ್ತೆಯಲ್ಲಿ ನಿಲ್ಲಿಸಿದ್ದೀಯ" ಎಂದರು. ಜೋರಾಗಿ ಹೇಳಲಿಲ್ಲ. ಪಾದ್ರಿಯ ಕಡೆ ತಿರುಗಿ, "ಬೇರೆ ವಾರ್ಡನ್ ನೋಡಿಕೊಳ್ಳಿ" ಎಂದಷ್ಟೇ ಹೇಳಿ ನಡೆದರು. ಹಲಗೆಯ ನೆಲದ ಮೇಲೆ ಅವರ ಬೂಟಿನ ಸದ್ದು ಬಾಗಿಲವರೆಗೂ ಕೇಳಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆರಾಧನೆ ಮುಗಿದ ಮೇಲೆ ಪಾದ್ರಿ ನನ್ನನ್ನು ಪಕ್ಕಕ್ಕೆ ಕರೆದು, ಈ ದೇಶದಲ್ಲಿ ಒಬ್ಬರ ಕಾಯಿಲೆ ಅವರ ಸ್ವಂತದ್ದು, ಅವರ ಒಪ್ಪಿಗೆಯಿಲ್ಲದೆ ಹೇಳುವ ಹಾಗಿಲ್ಲ ಎಂದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಅವರು ಮಾತ್ರ ನಯವಾಗಿಯೇ ಹೇಳಿದರು. ಕಾರಿನಲ್ಲಿ ಅಳಿಯ ಹಾಳೆ ಓದಿ ಹಣೆ ಚಚ್ಚಿಕೊಂಡರು.

"ಏನತ್ತೆ, ಹಿಂಗ್ ಮಾಡ್ಬಿಟ್ರಿ! ಇಲ್ಲಿ ಪ್ರೈವಸಿ ಅಂದ್ರೆ ದೇವ್ರಿದ್ದಂಗೆ. ನಮ್ಮ ಆಫೀಸಲ್ಲಿ ಪಕ್ಕದ ಸೀಟೋನ್ಗೆ ಸರ್ಜರಿ ಆಗಿದ್ದು ನಂಗೆ ಒಂದು ವರ್ಷ ಗೊತ್ತಾಗ್ಲಿಲ್ಲ."

"ಅದೇನ್ ಹೆಮ್ಮಿ ಪಡೂ ಮಾತೇನ್ರಿ?" ಎಂದು ರೇಗಿದೆ. "ಪಕ್ಕದಾಗ ಕುಂತಾಂವ ಸತ್ತಾನೋ ಬದುಕ್ಯಾನೋ ಗೊತ್ತಿಲ್ಲಂದ್ರ ಅದೂ ಒಂದು ಬಾಳ್ವೆನ?"

"ಬೈಯ್ರಿ ಪರ್ವಾಗಿಲ್ಲ. ಆದ್ರೆ ಆಯಮ್ಮನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ?"

ಕೇಳಬೇಕಿತ್ತು. ಮನೆ ಮುಟ್ಟುವವರೆಗೂ ಅಳುತ್ತಲೇ ಇದ್ದೆ. ಒಬ್ಬ ಹೆಂಗಸು ಮುಚ್ಚಿಟ್ಟುಕೊಂಡಿದ್ದ ನೋವನ್ನು ಇಪ್ಪತ್ತು ಜನರ ಕೈಗೆ ಹಂಚಿದ್ದೆ. ಅದರ ಜೊತೆ ಅವರ ಚರ್ಚನ್ನೂ ಕಳೆದಿದ್ದೆ. ಸುಗ್ಗಿ ಹಬ್ಬಕ್ಕೆ ಮೂರು ವಾರ ಉಳಿದಿತ್ತು.

ಸೋಮವಾರ ಅಳಿಯ ಮನೆಯಿಂದಲೇ ಕೆಲಸ ಮಾಡುವ ದಿನ. "ಮೀಟಿಂಗು ಕಾರಲ್ಲೇ ಮಾಡ್ಕೋತೀನಿ, ನಡೀರಿ" ಎಂದು ಕರೆದುಕೊಂಡು ಹೋದರು. ಈ ಸಲ ಹಿಂದಿನ ಬಾಗಿಲಿಗೆ ಹೋಗದೆ ಮುಂದಿನ ಬಾಗಿಲು ತಟ್ಟಿದೆ. ವಾರ್ಡನಮ್ಮ ಜಾಲರಿ ಬಾಗಿಲು ತೆಗೆಯದೆ ಒಳಗೇ ನಿಂತರು.

"ತಪ್ಪಾಯಿತು. ನಿಮ್ಮನ್ನು ಕೇಳದೆ ಬರೆದೆ" ಎಂದೆ.

"ಹಂಚಿದ ಹಾಳೆ ವಾಪಸ್ಸು ತರುತ್ತೀಯಾ?"

"ಆಗುವುದಿಲ್ಲ."

"ಮತ್ತೆ ಯಾಕೆ ಬಂದೆ?"

"ಎರಡು ಗಂಟೆ ಕೂರುವುದಕ್ಕೆ. ಕೂತು ಬನ್ನಿ ಅಂತ ಬರೆದವಳು ನಾನು. ಮೊದಲು ನಾನೇ ಕೂರಬೇಕಲ್ಲ?"

ಅವರು ಬಾಗಿಲು ತೆಗೆಯಲಿಲ್ಲ. ನಾನೂ ಹೋಗಲಿಲ್ಲ. ಜಗುಲಿಯ ಮೆಟ್ಟಿಲ ಮೇಲೆ ಕೂತೆ. ಬಿಸಿಲು ಏರಿತು. ಅರ್ಧ ಗಂಟೆಯಾದ ಮೇಲೆ ಮುದುಕರು ಹಿಂದಿನ ಬಾಗಿಲಿನಿಂದ ಬಳಸಿಕೊಂಡು ಬಂದರು. ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು ದನದ ಸಂತೆಗೆ ಹೊರಟಿದ್ದರು. ಇಂಥವರಿಗೆ ಬೇಡ ಎನ್ನಬಾರದು, ಜೊತೆಗೆ ಹೊರಡಬೇಕು. ಅಷ್ಟು ವರ್ಷ ಆಸ್ಪತ್ರೆಯಲ್ಲಿ ಕಲಿತದ್ದು ಅದು. "ನಡೀರಿ ಯಜಮಾನ್ರ, ಹೊತ್ತಾತು" ಎಂದು ಎದ್ದೆ. ಕನ್ನಡವೇ ಬಾಯಿಗೆ ಬಂತು. ಅವರಿಗೂ ಅದು ಸಹಜವಾಗಿಯೇ ಕಂಡಿತು, ತಲೆಯಾಡಿಸಿ ನನ್ನ ತೋಳು ಹಿಡಿದುಕೊಂಡರು. ಬೇಲಿಯ ಗುಂಟ ಎರಡು ಸುತ್ತು ಹಾಕಿದೆವು. ಅಳಿಯ ಲ್ಯಾಪ್‌ಟಾಪು ಮುಚ್ಚಿ ಕಾರಿನಿಂದ ಇಳಿದು ಬಂದರು. ತಮ್ಮ ತಾತ ಕಟ್ಟುತ್ತಿದ್ದ ಎತ್ತುಗಳ ಕೊಂಬು, ಹಲ್ಲು, ಸುಳಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ವರ್ಣಿಸಿದರು. ಮುದುಕರು ನಿಂತು ಕೇಳಿದರು. ಹಲ್ಲಿನ ಮಾತು ಬಂದಾಗ ಅಳಿಯನನ್ನು ತಡೆದು ತಾವೇ ವಿವರಿಸತೊಡಗಿದರು.

ವಾಪಸ್ಸು ಬಂದು ಜಾಲರಿಯಿಂದ ಇಣುಕಿ ನೋಡಿದರೆ, ವಾರ್ಡನಮ್ಮ ಸೋಫಾದ ಮೇಲೆ ಬೂಟು ಕೂಡ ಬಿಚ್ಚದೆ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು, ಒಂದು ಕೈ ನೆಲ ಮುಟ್ಟಿತ್ತು. ನಾವು ಎಬ್ಬಿಸಲಿಲ್ಲ. ಎರಡು ಗಂಟೆ ನಾಲ್ಕಾಯಿತು. ಎಚ್ಚರವಾದಾಗ ಗಾಬರಿಯಿಂದ ಗಡಿಯಾರ ನೋಡಿ, ಜಗುಲಿಯಲ್ಲಿ ಗಂಡ ಅಳಿಯನ ಜೊತೆ ಕೂತು ಬಿಸ್ಕೀಟು ತಿನ್ನುತ್ತಿದ್ದುದನ್ನು ನೋಡಿದರು.

"ಎಬ್ಬಿಸಬೇಕಿತ್ತು" ಎಂದರು ನನಗೆ. ಅಷ್ಟೇ. ಆದರೆ ಜಾಲರಿ ಬಾಗಿಲು ತೆರೆದು ಬಂದಿದ್ದರು.

ಬುಧವಾರ ಟಪಾಲಿನ ಹಿರಿಯರು ಹೋದರಂತೆ, ಕೈಯಲ್ಲಿ ನನ್ನ ಹಾಳೆ ಹಿಡಿದುಕೊಂಡು. ಮುಂದಿನ ಬಾಗಿಲಲ್ಲಿ ವಾರ್ಡನಮ್ಮ ನಿಂತಿದ್ದರೂ, "ಇದರಲ್ಲಿ ಹಿಂದಿನ ಬಾಗಿಲು ಎಂದಿದೆ" ಎಂದು ಮನೆ ಬಳಸಿ ಹಿಂದಕ್ಕೇ ಹೋದರಂತೆ. ಶುಕ್ರವಾರ ದ್ರಾಕ್ಷಿ ತೋಟದವರು ಹೋದರು. ಅಲ್ಲಿಗೆ ನಿಲ್ಲಲಿಲ್ಲ. ಹತ್ತಿರದ ಊರು ಫ್ರೀಮಾಂಟಿನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ, ಹುಬ್ಬಳ್ಳಿಯವಳು, ದೇವರ ಪೂಜೆ ಮಾಡದೆ ನೀರು ಕುಡಿಯದವಳು. ಎಲ್ಲವನ್ನೂ ಕೇಳಿ, "ಅಯ್ಯ, ಬಾಯಿ ಬಿಟ್ಟು ಹೇಳಲಿಕ್ಕೇ ಇಷ್ಟು ದಿವಸ ಬೇಕಾತೇನ ಆ ಮುದುಕಿಗೆ?" ಎಂದು ಗುರುವಾರದ ಪೂಜೆ ಮುಗಿಸಿ, ರೊಟ್ಟಿ ಗಂಟು ಕಟ್ಟಿಕೊಂಡು ಮಗನ ಕಾರಿನಲ್ಲಿ ಹೊರಟೇಬಿಟ್ಟಳು. ಮುದುಕರಿಗೆ ಶೇಂಗಾ ಚಟ್ನಿ ಹಿಡಿಸಿತು. ಪ್ರತಿ ಸಲ ಮೊದಲ ಸಲ ತಿಂದ ಹಾಗೇ ಹೊಗಳುತ್ತಾರೆ, ಇಂಥ ಗಂಡಸು ನಮಗ್ಯಾರಿಗೂ ಸಿಗಲಿಲ್ಲ ನೋಡು ಎಂದು ಅವಳು ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಆದರೆ ಚರ್ಚಿನಲ್ಲಿ ಆಕೆಯ ಜಾಗ ಖಾಲಿಯೇ ಇತ್ತು. ಎರಡು ಭಾನುವಾರ ಗಂಟೆಯ ಸದ್ದಿಲ್ಲ, ಹೂವಿಲ್ಲ. ವಾರ್ಡನ್ ಆಗುತ್ತೀರಾ ಎಂದು ಪಾದ್ರಿ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ನೆಲ ನೋಡಿದರು. ನಾನು ಸುದ್ದಿಹಾಳೆಯನ್ನೇ ನಿಲ್ಲಿಸಿದ್ದೆ.

ಹಬ್ಬದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಸ್ಯಾನ್ ರಮೋನಿನ ನಮ್ಮ ಬೀದಿಗೆ ಕೆಸರು ಮೆತ್ತಿದ ಒಂದು ಪಿಕಪ್ ಟ್ರಕ್ಕು ಬಂದು ನಿಂತಿತು. ಅದರಿಂದ ವಾರ್ಡನಮ್ಮ ಇಳಿದರು. ಫೋನಿಲ್ಲ, ಮೆಸೇಜಿಲ್ಲ, ಸೀದಾ ಬಂದು ಬಾಗಿಲು ತಟ್ಟಿದರು. ನಮ್ಮ ಕಡೆಯವರು ಬಂದ ಹಾಗೇ! ಒಳಗೆ ಬಂದು ಕೂತು, ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಊಟದ ಮೇಜಿನ ಮೇಲೆ ಬಿಡಿಸಿಟ್ಟರು.

"ಇದರಲ್ಲಿ ತಪ್ಪಿದೆ."

"ಗೊತ್ತು. ನಾನು..."

"ನಿನಗೆ ಗೊತ್ತಿಲ್ಲ. ಈಸ್ಟರ್‌ನಿಂದ ಅಂತ ಬರೆದಿದ್ದೀಯ. ಅದು ಸುಳ್ಳು. ಎರಡು ವರ್ಷವಾಯಿತು. ನಾಚಿಕೆಯಾಗಿ ನಿನಗೆ ಕಡಿಮೆ ಹೇಳಿದ್ದೆ." ಅವರು ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿದರು. "ಎರಡು ವರ್ಷ ಯಾರಿಗೂ ಗೊತ್ತಾಗಬಾರದು ಅಂತ ಒದ್ದಾಡಿದೆ. ಗೊತ್ತಾಯಿತು. ಟಪಾಲಿನವನು ಬಂದು ಪಾತ್ರೆ ತೊಳೆದು ಹೋದ. ಅಚ್ಚು ಹಾಕುವುದಾದರೆ ಸರಿಯಾಗಿ ಹಾಕು. ತಗೋ ಪೆನ್ನು."

ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಪ್ರತಿ ಸಾಲಿಗೂ ನಿಲ್ಲಿಸಿ, "ಇದನ್ನು ಹಾಕಬಹುದೇ?" ಎಂದು ಕೇಳಿದೆ. ಐದಾರು ಸಲ ಕೇಳುವಷ್ಟರಲ್ಲಿ ಮೇಜು ಗುದ್ದಿ, "ಹಾಕು ಅಂದೆನಲ್ಲ!" ಎಂದು ಗದರಿದರು. ಒಲೆಯ ಮುಂದೆ ಕಾಫಿ ಸೋಸುತ್ತಿದ್ದ ಅಳಿಯ, "ಇಬ್ರೂ ಒಂದೇ ಕಂಪ್ನಿ ಮಾಲು ಕಣತ್ತೆ" ಎಂದು ಕನ್ನಡದಲ್ಲಿ ಗೊಣಗಿದರು.

ಭಾನುವಾರ ಚರ್ಚು ನೋಡಬೇಕಿತ್ತು ನೀವು! ಕುಂಬಳಕಾಯಿ, ದ್ರಾಕ್ಷಿ, ಮೊಟ್ಟೆಬುಟ್ಟಿ, ಒಂದು ಹುಲ್ಲಿನ ಪೆಂಡಿ, ಅದರ ಪಕ್ಕದಲ್ಲೇ ನನ್ನ ಗೆಳತಿ ತಂದ ಜೋಳದ ರೊಟ್ಟಿಯ ಅಡುಕಲು. ಸೀರೆ ಉಟ್ಟವರು, ಟೋಪಿ ಇಟ್ಟವರು, ಬೆಂಚು ಸಾಲದೆ ಗೋಡೆಗೆ ಒರಗಿ ನಿಂತವರು. ಬಿಷಪ್ಪರು ಬಂದಾಗ ಗಂಟೆ ಹೊಡೆಯುತ್ತಿದ್ದವರು ವಾರ್ಡನಮ್ಮ. ಅವರ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದರು.

ಪ್ರಕಟಣೆಯ ಹೊತ್ತಿಗೆ ವಾರ್ಡನಮ್ಮ ಎದ್ದು ಮುಂದೆ ಹೋಗಿ ನಿಂತರು. ಬೇರೆಯವರ ಸುದ್ದಿ ಓದುವ ದನಿಯಲ್ಲೇ ತಮ್ಮ ಸುದ್ದಿ ಓದಿದರು. "ನನ್ನ ಗಂಡನಿಗೆ ನೆನಪು ಹೋಗಿ ಎರಡು ವರ್ಷವಾಯಿತು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಒಬ್ಬಳೇ ನಿಭಾಯಿಸುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ಸೋಮವಾರ, ಬುಧವಾರ, ಗುರುವಾರ, ಶುಕ್ರವಾರಕ್ಕೆ ಜನ ಇದ್ದಾರೆ. ಮಂಗಳವಾರ, ಶನಿವಾರ ಖಾಲಿ ಇವೆ. ಹಿಂದಿನ ಬಾಗಿಲು." ಮೊದಲು ಎರಡು ಕೈ ಎದ್ದವು, ಆಮೇಲೆ ಏಳೆಂಟು. ನನ್ನ ಅಳಿಯನದೂ ಎದ್ದಿತ್ತು. ಮೂವತ್ತು ವರ್ಷ ಬೆಡ್ ನಂಬರ್ ಕೇಳಿದವಳು ನಾನು, ಇಂಥ ಪ್ರಕಟಣೆ ಎಲ್ಲೂ ಕೇಳಿರಲಿಲ್ಲ.

ಬಿಷಪ್ಪರು ಎದ್ದು ನಿಂತು ಕಾಗದ ತೆಗೆದರು. ಜನ ಸಾಲದೆಂಬ ಮಾತನ್ನು ಈಗ ತಾವೂ ಆಡಲಾಗದು ಎಂದು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಆದರೆ ವಾರ್ಡನ್ ಹೆಸರಿನ ಜಾಗ ಖಾಲಿಯಿದೆ. ಹೆಸರಿಲ್ಲದೆ ನಾನು ಸಹಿ ಹಾಕುವ ಹಾಗಿಲ್ಲ. ಇಲ್ಲಿ ವಾರ್ಡನ್ ಯಾರು?" ಎಂದು ಕೇಳಿದರು.

ಬಿಟ್ಟು ಹೋದವರು ತಾವೇ ಆಗಿದ್ದರಿಂದ ವಾರ್ಡನಮ್ಮನಿಗೆ 'ನಾನೇ' ಎನ್ನಲು ಬಾಯಿ ಬರಲಿಲ್ಲ. ಅವರನ್ನು ಹೊರಗೆ ಕಳಿಸಿದವಳು ನಾನು, ನನಗೂ ಬಾಯಿ ಬರಲಿಲ್ಲ. ಆಗ ನನ್ನ ಪಕ್ಕದಲ್ಲಿದ್ದ ಮುದುಕರು ಬೆಂಚು ಹಿಡಿದು ಎದ್ದು ನಿಂತರು. ಇಷ್ಟು ಸಣ್ಣ ವಿಷಯವೂ ಗೊತ್ತಿಲ್ಲವೇ ಎನ್ನುವ ಹಾಗೆ ಬಿಷಪ್ಪರನ್ನು ನೋಡಿ, ತಮ್ಮ ಹೆಂಡತಿಯ ಕಡೆ ಬೆರಳು ಮಾಡಿದರು.

"ಆ ಹೆಂಗಸು" ಎಂದರು. "ಹೆಸರು ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಎಲ್ಲವನ್ನೂ ನಡೆಸುವವಳು ಆಕೆಯೇ."

ಬಿಷಪ್ಪರು ಪೆನ್ನು ತೆಗೆದು ಆ ಖಾಲಿ ಜಾಗದಲ್ಲಿ ಬರೆದು, ಕೆಳಗೆ ಸಹಿ ಹಾಕಿದರು.